ಮುಂದಿನ ಭೂಕಂಪಕ್ಕೊಂದು ಅರ್ಜಿ

ಇವರಿಗೆ: ಮಾನ್ಯ ಭೂಕಂಪದವರು, ಮುಂದಿನ ವಿಳಾಸ ತಿಳಿಯದು.

ಇವರಿಂದ: ವಿದೇಶದಲ್ಲಿ ವೈದ್ಯಕೀಯ ಸೇವೆ ಮಾಡಲು ತುದಿಗಾಲಲ್ಲಿ ನಿಂತವರು, ಕೊರವಂಗಲ, ಹಾಸನ ತಾಲ್ಲೂಕು.

ವಿಷಯ: ತಾವು ಮುಂದೆ ದಯಮಾಡಿಸುವಾಗ ನಮ್ಮ ಅನುಕೂಲವನ್ನೂ ನೋಡಿಕೊಳ್ಳುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ತಂಡ ಸಿದ್ಧವಾಗಿದೆ. ಇಬ್ಬರು ಡಾಕ್ಟರು, ಒಬ್ಬ ಫಾರ್ಮಸಿಸ್ಟ್, ಒಬ್ಬರು ನಿವೃತ್ತ ನರ್ಸಮ್ಮ, ಮೂವರು ಫೋಟೋ ತೆಗೆಯುವವರು. ಟೀ ಶರ್ಟ್ ಅಚ್ಚಾಗಿದೆ. ಬ್ಯಾನರಿನಲ್ಲಿ ದೇಶದ ಹೆಸರಿನ ಜಾಗ ಮಾತ್ರ ಖಾಲಿ. ಅದನ್ನು ತುಂಬಿಸಿಕೊಡುವುದು ತಮ್ಮ ಕೈಯಲ್ಲಿದೆ.

ಮೊದಲನೆಯದು ವಾರದ ವಿಚಾರ. 2015ರ ಏಪ್ರಿಲ್ 25ರಂದು ತಾವು ನೇಪಾಳಕ್ಕೆ ಬಂದದ್ದು ಶನಿವಾರ, ನಡುಹಗಲಲ್ಲಿ. ಅಲ್ಲಿ ಶನಿವಾರ ವಾರದ ರಜೆ. ಶಾಲೆಗಳು ಮುಚ್ಚಿದ್ದರಿಂದ ಎಷ್ಟೋ ಮಕ್ಕಳು ಬದುಕಿಕೊಂಡರು. ಆ ಮಟ್ಟಿಗೆ ಸಂತೋಷ. ಆದರೆ ನಮಗೆ ಸೋಮವಾರ ಡ್ಯೂಟಿ ಇರುತ್ತದೆ. ರಜೆ ಮಂಜೂರಾಗಬೇಕು, ಟಿಕೆಟ್ ಸಿಗಬೇಕು, ಬೀಳ್ಕೊಡುಗೆ ಸಮಾರಂಭಕ್ಕೆ ಶಾಸಕರ ಡೇಟ್ ಸಿಗಬೇಕು. ಅಷ್ಟರೊಳಗೆ ಅಕ್ಕಪಕ್ಕದ ಮನೆಯವರೇ ಬರಿಗೈಲಿ ಕಲ್ಲುಮಣ್ಣು ಸರಿಸಿ, ಬದುಕಿದವರನ್ನು ಎಳೆದು, ಹೊತ್ತುಕೊಂಡು ಆಸ್ಪತ್ರೆ ಸೇರಿಸಿಬಿಡುತ್ತಾರೆ. ಇದು ಸರಿಯಲ್ಲ. ನಾವು ಬಂದಿಳಿಯುವ ತನಕ ಗಾಯಾಳುಗಳು ಇದ್ದಲ್ಲೇ ಇರುವಂತೆ ತಾವು ವ್ಯವಸ್ಥೆ ಮಾಡಬೇಕಾಗಿ ಕೋರಿಕೆ.

ಎರಡನೆಯದು ವಿಮಾನ ನಿಲ್ದಾಣ. ಕಠ್ಮಂಡುವಿನಲ್ಲಿ ಇರುವುದೊಂದೇ ರನ್‌ವೇ. ನೆರವು ಹೊತ್ತ ವಿಮಾನಗಳ ಭಾರಕ್ಕೆ ಅದೂ ಕಿತ್ತುಬಂದು, ಮೇ 3ರಿಂದ ದೊಡ್ಡ ವಿಮಾನಗಳನ್ನು ಇಳಿಯಗೊಡಲಿಲ್ಲ. ಇಂಥ ಕಡೆ ಡೇರೆ, ಅಕ್ಕಿ ತುಂಬಿದ ವಿಮಾನವೂ ನಮ್ಮ ಫೋಟೋಗ್ರಾಫರುಗಳ ವಿಮಾನವೂ ಒಟ್ಟಿಗೇ ಬಂದರೆ ಮೊದಲು ಇಳಿಯಬೇಕಾದವರು ಯಾರು? ಮುಜುಗರದ ಪ್ರಶ್ನೆ. ದಯವಿಟ್ಟು ಮುಂದಿನ ಸಲ ಎರಡು ರನ್‌ವೇ ಇರುವ ದೇಶವನ್ನೇ ಆರಿಸಿಕೊಳ್ಳಿ.

ಮೂರನೆಯದು ಔಷಧಿ. 2004ರಲ್ಲಿ ತಮ್ಮ ಹೊಟ್ಟೆಯಲ್ಲೇ ಹುಟ್ಟಿದ ಸುನಾಮಿ ಇಂಡೊನೇಷ್ಯಾದ ಅಚೆ ಪ್ರಾಂತ್ಯವನ್ನು ತೊಳೆದುಹಾಕಿದಾಗ, ಅಲ್ಲಿಗೆ ಸುಮಾರು 4,000 ಟನ್ ಔಷಧಿ ಹರಿದುಬಂತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇರಲಿಲ್ಲ. ಬಹಳಷ್ಟರ ಮೇಲಿದ್ದದ್ದು ಅಲ್ಲಿನವರು ಓದಲಾರದ ಭಾಷೆ. ನಾವೂ ಹಿಂದೆ ಬಿದ್ದಿಲ್ಲ. ಮನೆಮನೆ ತಿರುಗಿ ಅರ್ಧ ಕುಡಿದ ಕೆಮ್ಮಿನ ಸಿರಪ್ಪು, ಸ್ಯಾಂಪಲ್ ಮಾತ್ರೆ, ಯಾರದೋ ಅಜ್ಜಿಯ ಬಿ.ಪಿ. ಗುಳಿಗೆ ಎಲ್ಲ ಸೇರಿಸಿ ಹದಿಮೂರು ಡಬ್ಬ ಕಟ್ಟಿದ್ದೇವೆ. ಎಕ್ಸ್‌ಪೈರಿ ಹತ್ತಿರ ಬರುತ್ತಿದೆ, ತಾವು ತಡಮಾಡಬಾರದು.

ನಾಲ್ಕನೆಯದು ನಮ್ಮ ದೂರು. ಕೆಲವರು ನಮ್ಮಂಥವರ ಮರ್ಯಾದೆ ಕಳೆಯುತ್ತಿದ್ದಾರೆ. 2023ರ ಫೆಬ್ರವರಿಯಲ್ಲಿ ತಾವು ಟರ್ಕಿಯನ್ನು ಅಲ್ಲಾಡಿಸಿದಾಗ, ನಮ್ಮ ಸೈನ್ಯದ 60 ಪ್ಯಾರಾ ಫೀಲ್ಡ್ ಆಸ್ಪತ್ರೆಯವರು ಇಸ್ಕೆಂದೆರುನ್‌ನಲ್ಲಿ 30 ಹಾಸಿಗೆಯ ಆಸ್ಪತ್ರೆಯನ್ನೇ ತೆರೆದರು. ಆಪರೇಷನ್ ಥಿಯೇಟರು, ಎಕ್ಸ್‌ರೇ, ವೆಂಟಿಲೇಟರು, ಎಲ್ಲ ಊರಿಂದಲೇ ಹೊತ್ತೊಯ್ದಿದ್ದರಂತೆ. ಇನ್ನು ಬೆಂಗಳೂರಿನ ನಿಮ್ಹಾನ್ಸ್‌ನವರು. ಒರಿಸ್ಸಾದ ಚಂಡಮಾರುತ, ಗುಜರಾತಿನ ಭೂಕಂಪ, ಸುನಾಮಿ ಎಲ್ಲ ಕಂಡವರು. ನೊಂದವರಿಗೆ ಧೈರ್ಯ ಹೇಳುವುದನ್ನು ಆಯಾ ಊರಿನವರಿಗೇ ಕಲಿಸಿಕೊಟ್ಟು, ಕೈಪಿಡಿ ಬರೆದಿಟ್ಟು ಬರುತ್ತಾರೆ. ಊರಿನವರೇ ಎಲ್ಲ ಕಲಿತುಬಿಟ್ಟರೆ ನಾವು ಯಾರ ತಲೆ ಸವರಿ ಫೋಟೋ ತೆಗೆಸಿಕೊಳ್ಳುವುದು? ಇದು ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಕಟ್ಟಳೆ ಮಾಡಿದೆ: ಹೋಗುವ ತಂಡ ತನ್ನ ಅನ್ನ, ನೀರು, ಡೇರೆ ತಾನೇ ಒಯ್ಯಬೇಕು, ಆ ದೇಶದವರು ಹೇಳಿದ ಕಡೆ ಕೂರಬೇಕು, ಆಪರೇಷನ್ ಮಾಡುವ ತಂಡ ಕನಿಷ್ಠ ಮೂರು ವಾರ ಇರಬೇಕು. ನಮ್ಮ ರಜೆ ಇರುವುದೇ ಎಂಟು ದಿನ.

ನಮ್ಮ ನರ್ಸಮ್ಮನವರೂ ಇದೇ ರಾಗ. ಮೊನ್ನೆ ಸಭೆಯಲ್ಲಿ ಬೋಂಡ ಕೊಡುವ ಹೊತ್ತಿಗೆ ಸರಿಯಾಗಿ ಶುರು ಮಾಡಿದರು: “ಅಲ್ಲ ಡಾಕ್ಟ್ರೇ, ಮುರಿದ ಕಾಲಿಗೆ ಹೊರಗಿಂದ ರಾಡ್ ಹಾಕಿ ಬತ್ತೀರ. ಎಂಟನೇ ದಿನ ವಾಪಸ್. ಆಮೇಲೆ ಕೀವು ತುಂಬಿದ್ರೆ ಡ್ರೆಸ್ಸಿಂಗ್ ಮಾಡೋರ್ಯಾರು, ರಾಡ್ ಬಿಚ್ಚೋರ್ಯಾರು? ಯಾವ್ ಕಾಲಿಗೆ ಏನ್ ಮಾಡಿದ್ರಿ ಅಂತ ಒಂದ್ ಚೀಟಿನಾದ್ರೂ ಬರೆದು ಕೊಟ್ಟು ಬತ್ತೀರಾ?” ಯಾರೂ ಬಾಯಿ ಬಿಡಲಿಲ್ಲ. “ಹೋಗ್ಲಿ, ನಿಮ್ ಕಕ್ಕಸಿಗೆ ಎಲ್ಲಿ ಏರ್ಪಾಡು?” ಎಂದರು. ಹೈಟಿಯಲ್ಲಿ 2010ರ ಜನವರಿಯಲ್ಲಿ ತಾವು ಬಂದುಹೋದ ಮೇಲೆ, ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದ ಹೊಲಸು ಹೊಳೆಗಿಳಿದು, ಕಾಲರಾ ಹಬ್ಬಿ ಸಾವಿರಾರು ಜನ ಸತ್ತದ್ದನ್ನೂ ಎತ್ತಿದರು. ಬೋಂಡ ಆರಿಹೋಯಿತು. ಅವರನ್ನು ತಂಡದ ಗೌರವ ಸಲಹೆಗಾರರನ್ನಾಗಿ ಮಾಡಿ, ಮುಂದಿನ ಸಭೆಯ ನೋಟೀಸು ಕಳಿಸುವುದನ್ನು ನಿಲ್ಲಿಸಿದ್ದೇವೆ.

ಕೊನೆಯದಾಗಿ ಒಂದು ಸಮಜಾಯಿಷಿ. 2022ರ ಜೂನ್ 23ರ ನಸುಕಿನಲ್ಲಿ ತಾವು ನಮ್ಮ ಜಿಲ್ಲೆಗೇ, ಹೊಳೆನರಸೀಪುರ ತಾಲ್ಲೂಕಿಗೇ ಬಂದಿರಿ. 3.4ರ ಸಣ್ಣ ಕುಲುಕಾಟ. ಜನ ಬೆಚ್ಚಿ ಹೊರಗೆ ಬಂದರು. 1173ರಿಂದ ನಿಂತಿರುವ ನಮ್ಮೂರ ಬೂಚೇಶ್ವರ ಗುಡಿ ಈಗಲೂ ನಿಂತಿದೆ. ಆವತ್ತು ನಮ್ಮ ತಂಡ ಯಾಕೆ ಅತ್ತ ತಲೆಹಾಕಲಿಲ್ಲ ಎಂದು ತಾವು ಕೇಳಬಹುದು. ಹೊಳೆನರಸೀಪುರಕ್ಕೆ ಹಾಸನದಿಂದ ಬಸ್ಸಿದೆ ಸ್ವಾಮಿ, ಪಾಸ್‌ಪೋರ್ಟೇ ಬೇಡ. ಅಂಥಲ್ಲಿಗೆ ಹೋಗಿ ಜನಕ್ಕೆ ಗಾಯ ಕಟ್ಟುವುದು, ರಕ್ತ ನಿಲ್ಲಿಸುವುದು ಕಲಿಸಿದರೆ ಅದನ್ನು ಸೇವೆ ಎಂದು ಯಾರು ಕರೆಯುತ್ತಾರೆ?

ಆದ್ದರಿಂದ ತಾವು ಈ ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಕನಿಷ್ಠ ಹದಿನೈದು ದಿನ ಮುಂಚಿತವಾಗಿ ತಿಳಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿಗಳು,
ಕೊರವಂಗಲದ ತಂಡ

ಅಡಕ: ಬ್ಯಾನರ್ ನಮೂನೆ, ಟೀ ಶರ್ಟಿನ ಅಳತೆ ಪಟ್ಟಿ.

ಪ್ರತಿ: ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಗೆ, ಮಾಹಿತಿಗಾಗಿ. ಬರುವ ಭಾನುವಾರದ ಬಿ.ಪಿ., ಶುಗರ್ ತಪಾಸಣೆ ಶಿಬಿರಕ್ಕೆ ಕೈ ಸಾಲುತ್ತಿಲ್ಲ ಎಂದು ನಮ್ಮನ್ನು ಕರೆಯಬಾರದಾಗಿ ವಿನಂತಿ. ಆವತ್ತು ಭೂಕಂಪದ ಪೂರ್ವಭಾವಿ ಸಭೆಯಿದೆ.