ಸರ್ಟಿಫಿಕೇಟ್ ಗ್ವಾಡಿ ಮ್ಯಾಲ, ಮೌಸ್ ಮಂದಿ ಕೈಯಾಗ

ಬರ್ರಿ ಗುರೂಜಿ, ಕೂಡ್ರಿ. ಜತ್ತದಿಂದ ಈಗ ಬಂದ್ರೇನು? ಟ್ರೇನಿಂಗ್ ಹೆಂಗಾತು ಅಂತ ನಾ ಕೇಳೂದ ಬ್ಯಾಡ. "ಭಾಳ ಛಲೋ ಆತ್ರಿ, ಊಟಕ್ಕ ಶಿರಾ ಇತ್ತು" ಅಂತೀರಿ. (ಹ್ವಾದ ಸಲ ಬರೇ ಪೋಹೆ ಇತ್ತು. ಆವಾಗ ಟ್ರೇನಿಂಗೂ ಅಷ್ಟಕ್ಕಷ್ಟ ಆಗಿತ್ತು, ಹೌದಲ್ರಿ?)

ನಗಬ್ಯಾಡ್ರಿ. ಟ್ರೇನಿಂಗ್ ಹೆಂಗಾತು ಅಂತ ಅಳ್ಯಾಕ ಅಮೆರಿಕಾದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನೋ ಮಾಸ್ತರು 1959ರಾಗ ನಾಕು ಮೆಟ್ಟಲಾ ಕಟ್ಟಿಟ್ಟಾರ. ಬಂದವ್ರಿಗೆ ಹಿಡಸ್ತೋ ಇಲ್ಲೋ, ಕಲತ್ರೋ ಇಲ್ಲೋ, ಕಲತದ್ದು ಕೆಲಸಕ್ಕ ಇಳೀತೋ ಇಲ್ಲೋ, ಅದರಿಂದ ಏನರೆ ಫಾಯದೆ ಆತೋ ಇಲ್ಲೋ. ನಿಮ್ಮ ಶಿರಾ ಮೊದಲನೇ ಮೆಟ್ಟಲಾ. ಅಲ್ಲೇ ಚಾ ತರಿಸಿಕೊಂಡು ಕುಂತೀರಿ.

ಎರಡನೇದೂ ಹತ್ತೀರಿ, ಸುಳ್ಳ್ಯಾಕ ಹೇಳ್ಲಿ. ಎಂಎಸ್-ಸಿಐಟಿ ಅನ್ನೋ ಕಂಪ್ಯೂಟರ್ ಕೋರ್ಸು ನೆನಪೈತೇನು? 2001ರಾಗ ಅದನ್ನ ನಡಸೋ ಎಂಕೆಸಿಎಲ್ ಕಂಪನಿ ಹುಟ್ಟಿತು, ಅದರ ಬೆನ್ನಿಗೆ ಈ ಕೋರ್ಸು. ಮಹಾರಾಷ್ಟ್ರದ ಸರಕಾರಿ ನೌಕರದಾರ್ರು ಪಾಸಾಗಾಕಬೇಕಿತ್ತು, ಇಲ್ಲಂದ್ರ ಇನ್‌ಕ್ರಿಮೆಂಟ್‌ಗೆ ಕತ್ತರಿ. 2007ರ ಡಿಸೆಂಬರ್ 31ಕ್ಕ ಮುದತ್. ಆವಾಗಿನ ನಿಮ್ಮ ಉಮೇದಿ ಏನ್ ಕೇಳ್ತೀರಿ! ಮೌಸ್ ಟೇಬಲ್ ತುದಿಗೆ ಬಂದ್ರ "ಮುಂದ ಜಾಗಾ ಇಲ್ರೀ ಸರ್" ಅಂದವ್ರು ನೀವ ಅಲ್ಲೇನು?

ಆದ್ರೂ ಪಾಸಾದ್ರಿ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಆತು, ಝೆರಾಕ್ಸ್ ಸರ್ವಿಸ್ ಬುಕ್ಕಿಗೆ ಹೋತು, ಸಾಲಿ ಕಂಪ್ಯೂಟರಿಗೆ ಹಳೇ ಸೀರಿದು ಹೊದಿಕಿ ಬಿತ್ತು. (ಧೂಳ ಕೂಡಬಾರದು ನೋಡ್ರಿ.)

ಮೂರನೇ ಮೆಟ್ಟಲಾ ಬಂದದ್ದು 2015ಕ್ಕ. ಒಬ್ಬೊಬ್ಬ ಹುಡುಗಂದೂ ಮಾಹಿತಿ ಆನ್‌ಲೈನ್ ತುಂಬ್ರಿ ಅಂತ ‘ಸರಲ್’ ಅನ್ನೋ ಪೋರ್ಟಲ್ ಬಂತಲ್ಲ. (ಹೆಸರಷ್ಟ ಸರಳ.) ಸಾಲಿಗಳ ಮ್ಯಾಲ ನಿಗಾ ಇಡೋ ಕೇಂದ್ರಪ್ರಮುಖರ ಮೆಸೇಜು: ಇವತ್ತ ಸಂಜಿ ಒಳಗ. ನೀವು ಹೊದಿಕಿ ತಗದ್ರೇನು? ಇಲ್ಲ. ಗಾಡಿ ಕಿಕ್ ಹೊಡದು ಸೀದಾ ನೆಟ್ ಅಂಗಡಿಗೆ! ಅಲ್ಲಿ ಕಟಕಟ ಕೀ ಒತ್ತಾವ ಯಾರು? "ನಿನ್ನ ತಲಿಗೆ ವಿದ್ಯಾ ಹತ್ತೂದಿಲ್ಲಲೇ" ಅಂತ ಏಳನೇತ್ತದಾಗ ನೀವ ಬೈದು ಕೂಡ್ರಿಸಿದ ಹುಡುಗ. ಈಗ ಅವಂಗ "ಬಾಳಾ, ಲಗೂನ ಮಾಡಪ್ಪಾ" ಅಂತೀರಿ.

"ಟ್ರೇನಿಂಗ್ ಮರಾಠಿಯೊಳಗಿತ್ರಿ, ನಮ್ಮದು ಕನ್ನಡ ಸಾಲಿ" ಅಂತೀರೇನು? ಆ ನೆವಾ ನನ್ನ ಮುಂದ ಬ್ಯಾಡ. ಇನ್‌ಸ್ಕ್ರಿಪ್ಟ್ ಕೀಬೋರ್ಡ್ ನೋಡೀರೇನು? ಕೆ ಒತ್ತಿದ್ರ ಮರಾಠಿ ಕ. ಭಾಷಾ ಬದಲಿ ಮಾಡಿ ಅದನ್ನ ಒತ್ರಿ, ಕನ್ನಡದ ಕ. ಎಲ್ ಒತ್ತಿದ್ರ ಎರಡರಾಗೂ ತ. ಒಮ್ಮೆ ಬಟ್ಟಿಗೆ ರೂಢಿ ಆದ್ರ ಎರಡೂ ಭಾಷಾ ಬಂದಂಗ. ಗಡಿಭಾಗದ ಜತ್ತ ತಾಲೂಕಿನ ಗುಡ್ಡಾಪುರ ಜಾತ್ರ್ಯಾಗ ಕನ್ನಡದಾಗ ದರಾ ಕೇಳಿ ಮರಾಠಿಯೊಳಗ ಚೌಕಾಸಿ ಮಾಡೋ ನಮ್ಮಂಥವ್ರಿಗೆ ಇದೇನು ಹೊಸಾದು? ಆ ಕೀಬೋರ್ಡು ಜತ್ತದ ಮಂದಿ ಸಲುವಾಗೇ ಮಾಡಿದಂಗೈತಿ! ಆದ್ರ ಅದನ್ನ ಕಲಿಸೋ ಹೊತ್ತಿಗೆ ನೀವು ಹೊರಗ ಎಲಿ ಅಡಿಕಿಗೆ ಹೋಗಿದ್ರಿ.

ನಾಕನೇ ಮೆಟ್ಟಲಾ ಬಿಡ್ರಿ, ಅಲ್ಲಿ ಯಾರೂ ಸಿಗೂದಿಲ್ಲ. ಮೂರು ತಿಂಗಳ ಮ್ಯಾಲ ಸಾಲಿಗೆ ಬಂದು "ಗುರೂಜಿ, ಕಲತದ್ದರಿಂದ ಸಾಲಿಗೆ ಏನು ಫಾಯದೆ ಆತು ತೋರಸ್ರಿ" ಅನ್ನಾವ್ರು ಇದ್ರ ತಾನ? ಕಡೀ ದಿನ ಸಂಜಿಮುಂದ, ಎಸ್‌ಟಿ ಹಿಡಿಯೋ ಗಡಿಬಿಡ್ಯಾಗ ಒಂದು ಫಾರ್ಮ್ ಕೊಡ್ತಾರ. ಎಲ್ಲಾದಕ್ಕೂ ‘ಅತ್ಯುತ್ತಮ’. ಅದನ್ನೂ ಬಾಜೂದವ್ರದು ನೋಡಿ! (ಹುಡುಗರು ಕಾಪಿ ಹೊಡದ್ರ ಕಿವಿ ಹಿಂಡಾವ್ರು ನೀವ.) ಒಬ್ಬರಂತೂ ಬಾಜೂದವ್ರ ಹೆಸರೂ ಸೈತ ಇಳಿಸಿಬಿಟ್ಟಿದ್ರು. ಯಾರಂತ ನಾ ಹೇಳೂದಿಲ್ಲ, ನೀವ್ಯಾಕ ಟೊಪಗಿ ಸರಿ ಮಾಡ್ಕೋತೀರಿ?

ಅಲ್ಲ, ಫೋನ್ ನೋಡಿ ಒಮ್ಮೆಲೇ ಯಾಕ ಎದ್ರಿ? ಕೇಂದ್ರಪ್ರಮುಖರ ಮೆಸೇಜೇನು? ಕೂಡ್ರಿ ಗುರೂಜಿ, ಚಾ ಆರತೈತಿ... ಏನಂದ್ರಿ? ನೆಟ್ ಅಂಗಡಿಯಾಂವ ಎಂಟಕ್ಕ ಮುಚ್ಚತಾನೇನು?