ತಾರಸಿ ರೈತರು

ಬೆಂಗಳೂರಿನ ಯಾವ ಹಳೇ ಬಡಾವಣೆಗೆ ಹೋದರೂ ಬೀದಿಗೊಬ್ಬ ತಾರಸಿ ರೈತರು ಸಿಗುತ್ತಾರೆ. ವಯಸ್ಸು 60 ದಾಟಿರುತ್ತದೆ, ಪಿಂಚಣಿ ತಪ್ಪದೆ ಬರುತ್ತಿರುತ್ತದೆ, ಉಗುರಿನ ಸಂದಿಯಲ್ಲಿ ಮಣ್ಣಿರುತ್ತದೆ. ಅದನ್ನು ತೊಳೆದುಕೊಳ್ಳುವುದಿಲ್ಲ, ನಾಲ್ಕು ಜನ ನೋಡಬೇಕಲ್ಲ! ಮದುವೆ ಪಂಕ್ತಿಯಲ್ಲಿ ಪಲ್ಯ ಬಿದ್ದೊಡನೆ, "ಬರೀ ಕೆಮಿಕಲ್" ಎಂದು ಪಕ್ಕದವರಿಗೆ ಕೇಳುವಂತೆ ಹೇಳುತ್ತಾರೆ. ಹೇಳುತ್ತಲೇ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಜಿಕೆವಿಕೆಯ ಕೃಷಿ ಮೇಳಕ್ಕೆ ಹೋಗಿ, ಟ್ರ್ಯಾಕ್ಟರಿಗೆ ಸಬ್ಸಿಡಿ ಎಷ್ಟೆಂದು ವಿಚಾರಿಸಿ, ಒಂದು ಪೊಟ್ಟಣ ದಂಟಿನ ಬೀಜ ಕೊಂಡು ಬರುತ್ತಾರೆ.

ನಮ್ಮ ಬೀದಿಯ ರಾಯರದು 14 ಗ್ರೋ ಬ್ಯಾಗುಗಳ ಹಿಡುವಳಿ. ಮೊದಲು ಹಾಕಿದ್ದು ಕೊತ್ತಂಬರಿ. ಇಡೀ ಕಾಳು ಬಿತ್ತಿ ಕಾದೇ ಕಾದರು. ಕಾಳನ್ನು ಎರಡು ಹೋಳು ಮಾಡಬೇಕೆಂದು ಸೊಪ್ಪಿನವಳು ಹೇಳಿಕೊಟ್ಟಳು. ಚಪ್ಪಲಿಯಡಿ ಹಾಕಿ ಉಜ್ಜಿದರು. ಉಜ್ಜಿದ ಹುರುಪಿಗೆ ಧನಿಯಾಪುಡಿಯಾಯಿತು. ಆಮೇಲೆ ಜೀವಾಮೃತ. 10 ಕಿಲೋ ಸಗಣಿ, 10 ಲೀಟರ್ ಗಂಜಲ, ತಲಾ 2 ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, 200 ಲೀಟರ್ ನೀರು. ಇದು ಎಕರೆಯ ಲೆಕ್ಕವೆಂದು ತಿಳಿಯುವ ಹೊತ್ತಿಗೆ ಡ್ರಮ್ ತುಂಬಿತ್ತು. ಎದುರುಮನೆಯವರು ಆ ವಾರ ಕಿಟಕಿ ತೆಗೆಯಲಿಲ್ಲ.

ಹೀರೆ ಬಳ್ಳಿಯಲ್ಲಿ ಬರೀ ಗಂಡುಹೂವು. ಕೊನೆಗೊಂದು ಹೆಣ್ಣುಹೂವು ಬಂತು. ಹೀರೆ ಅರಳುವುದು ಸಂಜೆ. ರಾಯರು ಮೊಮ್ಮಗನ ಪೇಂಟಿಂಗ್ ಬ್ರಷ್ ಹಿಡಿದು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಮೊಣಕಾಲೂರಿ ಪರಾಗಸ್ಪರ್ಶ ನೆರವೇರಿಸಿದರು. ಕಾಯಿ ಹೆಬ್ಬೆರಳುದ್ದವಾದಾಗ ಹಣ್ಣುನೊಣ ಚುಚ್ಚಿ ಸೊಟ್ಟಗಾಯಿತು. ಟೊಮೆಟೊಗೆ ಮಾತ್ರ ಮುನ್ನೆಚ್ಚರಿಕೆ ವಹಿಸಿದ್ದರು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವಂಥದ್ದು. ಹೇಳಿದಂತೆ ಮೂರೂ ಬರಲಿಲ್ಲ. ಕೋತಿ ಬಂತು.

ಇಷ್ಟರಲ್ಲೂ ಬಸಳೆ ಯಾರ ಹಂಗಿಲ್ಲದೆ ಹಬ್ಬಿ ನೀರಿನ ಟ್ಯಾಂಕ್ ಏರಿದೆ. ರಾಯರು ಅದನ್ನು ಕೃಷಿಯೆಂದು ಒಪ್ಪುವುದಿಲ್ಲ. ಕಷ್ಟ ಕೊಡದ್ದು ಎಂಥ ಬೆಳೆ?

ಅಂದಹಾಗೆ, ರಾಯರು ಸರ್ವೀಸಿನುದ್ದಕ್ಕೂ ಬ್ಯಾಂಕಿನಲ್ಲಿ ಬೆಳೆಸಾಲ ವಸೂಲಿ ನೋಡಿಕೊಂಡವರು. ಮಳೆ ಕೈಕೊಟ್ಟಿತು, ಹುಳ ಬಿತ್ತು ಎಂದವರನ್ನು ಕನ್ನಡಕದ ಮೇಲಿಂದ ನೋಡಿಯೇ ಬೆವರಿಳಿಸಿದವರು. ಈಗ ತಿಂಗಳ ಕೊನೆಗೆ ಆ ಕುರ್ಚಿಯಲ್ಲಿ ಮನೆಯವರು ಕೂರುತ್ತಾರೆ.

"ರೀ, ಮಣ್ಣು, ಹಿಂಡಿ, ಡ್ರಮ್ ಎಲ್ಲ ಸೇರಿ ನಾಲ್ಕು ಸಾವಿರ. ಬೆಂಡೆಕಾಯಿ ಎಷ್ಟು ಬಂತು?"

"ಆರು... ಈ ಸಲ ಮಳೆ ಜಾಸ್ತಿಯಾಯ್ತು ಕಣೇ."

"ಹೋದ ಸಲ ಬಿಸಿಲು ಅಂದಿದ್ರಿ."

"ಬೆಳೆದವನಿಗೇ ಗೊತ್ತು ಅದರ ಕಷ್ಟ. ಇನ್ನೆರಡು ಚೀಲ ಮಣ್ಣು ತಂದರೆ—"

"ಹಳೇ ಬಾಕಿ ತೀರಲಿ, ಆಮೇಲೆ ನೋಡೋಣ."

ಮೊದಲೆಲ್ಲ ಪೇಪರಿನಲ್ಲಿ ಸಾಲಮನ್ನಾ ಸುದ್ದಿ ಕಂಡರೆ ರಾಯರು ಕೆಂಡವಾಗುತ್ತಿದ್ದರು. ಈಚೆಗೆ ಅದನ್ನು ಜೋರಾಗಿ, ಅಡುಗೆಮನೆಗೆ ಕೇಳುವಂತೆ ಓದುತ್ತಾರೆ.