ಎಳಿ, ಎಳಿ, ಇನ್ನೂ ಎಳಿ!

ಪುಷ್ಯ ಮಳೆ ಹಿಡಿದ ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಸಕಲೇಶಪುರದ ಕಡೆಗೆ ಹೊರಟ ಗಾಡಿಗಳನ್ನು ನೆಲಮಂಗಲದ ಟೋಲಿನಲ್ಲಿ ನಿಂತು ನೋಡಬೇಕು. ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಎರಡು ಹಲಗೆ, ಬೆನ್ನಿಗೆ ಖಾಲಿ ಡೀಸೆಲ್ ಕ್ಯಾನು, ಮೂತಿಗೆ ಹಗ್ಗ ಸುತ್ತಿ ಎಳೆಯುವ ವಿಂಚು, ಪಕ್ಕದಲ್ಲಿ ಮೇಲಕ್ಕೆದ್ದ ಸ್ನಾರ್ಕೆಲ್. ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗದಿರಲಿ ಎಂದು ಮಾಡಿದ ಆ ಕೊಳವೆ ವಾರದ ಐದು ದಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆ ಕುಡಿದುಕೊಂಡೇ ಜೀವ ಹಿಡಿದಿರುತ್ತದೆ. ಉಳಿದೆರಡು ದಿನ ಅದಕ್ಕೆ ಮಲೆನಾಡಿನ ಹವಾ ಬದಲಾವಣೆ.

ಮಧ್ಯಾಹ್ನದ ಹೊತ್ತಿಗೆ ಈ ರಥ ಯಾವುದೋ ಕಾಫಿ ತೋಟದ ಪಕ್ಕದ ಕೊರಕಲಿನಲ್ಲಿ ಚಾಸಿ ಮುಟ್ಟುವಷ್ಟು ಹೂತು ಕೂತಿರುತ್ತದೆ. ಈ ಘಟ್ಟದವರೆಗೆ ಯಾರಿಗೂ ಒಂದು ಗೀರೂ ಬಿದ್ದಿರುವುದಿಲ್ಲ, ದಯವಿಟ್ಟು ಗಮನಿಸಿ. ಕೆಸರಿನಲ್ಲಿ ಕೂತ ಗಾಡಿ ಬಹಳ ಸಾಧು. ಅಪಾಯ ಶುರುವಾಗುವುದು ಅದನ್ನು ಎಬ್ಬಿಸಲು ಗಂಡಸರು ಪ್ಯಾಂಟು ಮಡಚಿದಾಗ.

ಮೊದಲ ಚಿಕಿತ್ಸೆ ಎಕ್ಸಲೇಟರ್. ಚಕ್ರ ಜಾರತೊಡಗಿದ ಕ್ಷಣವೇ ಕಾಲೆತ್ತಿದ್ದರೆ ಅರ್ಧ ಅಡಿಯಲ್ಲಿ ಮುಗಿಯುತ್ತಿದ್ದ ಸಂಗತಿ ಇದು. ಆದರೆ ಹಿಂದಿನ ಸೀಟಿನಲ್ಲಿ ಹೆಂಡತಿಯ ತಮ್ಮ ಕೂತಿರುವಾಗ ಕಾಲೆತ್ತುವುದು ಹೇಗೆ? ಒತ್ತುತ್ತಾರೆ. ಎರಡು ಬದಿಯ ಚಕ್ರಗಳಿಗೆ ಓಟ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ಲಿಗೆ ಒಂದು ದುರ್ಗುಣವಿದೆ. ನೆಲ ಕಚ್ಚಿ ದುಡಿಯಬಲ್ಲ ಚಕ್ರವನ್ನು ಸುಮ್ಮನೆ ನಿಲ್ಲಿಸಿ, ಹಿಡಿತವಿಲ್ಲದೆ ಗಿರಗಿರ ತಿರುಗುವ ಚಕ್ರಕ್ಕೇ ಓಟವನ್ನೆಲ್ಲ ಕೊಟ್ಟುಬಿಡುತ್ತದೆ. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ತಿರುಗಿದ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಇಳಿದು ತಳ್ಳಹೋದ ಬಾವಮೈದುನನ ಮುಖಕ್ಕೆ ಕೆಂಪು ಮಣ್ಣಿನ ಅಭಿಷೇಕವಾಗುತ್ತದೆ, ವಿಡಿಯೋ ಚೆನ್ನಾಗಿ ಬರುತ್ತದೆ.

ಟಯರಿನ ಗಾಳಿಯನ್ನು 18–20 ಪಿಎಸ್ಐಗೆ ಇಳಿಸಿದರೆ ಅದು ಉದ್ದಕ್ಕೆ ಹರಡಿಕೊಂಡು ನೆಲವನ್ನು ಹಿಡಿಯುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಆದ್ದರಿಂದ ಯಾರಿಗೂ ನೆನಪಾಗುವುದಿಲ್ಲ. ಇನ್ನೊಂದು ಉಪಾಯ ಇನ್ನೂ ಅಗ್ಗ: ಅಗೆಯುವುದು. ಬಲ್ಲವರ ಅಂದಾಜಿನಂತೆ ಚಕ್ರ ಮುಳುಗುವಷ್ಟು ಹೂತ ಗಾಡಿಯನ್ನು ಕೀಳಲು ಹೆಚ್ಚುಕಡಿಮೆ ಅದರ ತೂಕದಷ್ಟೇ ಬಲ ಬೇಕು. ಕೆಸರು ಬಾನೆಟ್ಟಿನ ಮಟ್ಟಕ್ಕೆ ಬಂದರೆ ಅದಕ್ಕೂ ಬಹಳ ಹೆಚ್ಚು. ಚಕ್ರದ ಮುಂದಿನ, ಹೊಟ್ಟೆಯಡಿಯ ಮಣ್ಣು ತೆಗೆದಷ್ಟೂ ಈ ಲೆಕ್ಕ ಕೆಳಗಿಳಿಯುತ್ತದೆ. ಸಲಿಕೆ ಇಲ್ಲವೆಂದಲ್ಲ, ಇದೆ. ಮಡಚುವಂಥದ್ದು, ಹಿಡಿಯೊಳಗೆ ದಿಕ್ಸೂಚಿ, ಬೆಂಕಿ ಹೊತ್ತಿಸುವ ಕಡ್ಡಿ, ಪೀಪಿ ಎಲ್ಲವೂ ಉಂಟು. ತುಳಸಿಕಟ್ಟೆಯ ಮಣ್ಣು ಬದಲಿಸಲು ಪ್ರಶಸ್ತವಾದ ಸಲಕರಣೆ. ಚಕ್ರದ ಕೆಳಗೆ ತುರುಕಬೇಕಾದ ಆ ಕಿತ್ತಳೆ ಹಲಗೆಗಳು? ಕಳ್ಳರ ಭಯಕ್ಕೆ ಬೀಗ ಹಾಕಿದೆ, ಕೀಲಿ ಮನೆಯಲ್ಲಿದೆ.

ಅಷ್ಟರಲ್ಲಿ ಒಳಗೆ ಕೂತವರು ಮಳೆಯೆಂದು ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು ಏಸಿ ಹಾಕಿಕೊಂಡಿರುತ್ತಾರೆ. ಹೊಗೆಕೊಳವೆ ಕೆಸರಿನೊಳಗಿದೆ. ಮುಚ್ಚಿದ ಕೊಳವೆಯ ಹೊಗೆ ಒಳಕ್ಕೆ ನುಗ್ಗಬಹುದು, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ ಎಂದು ಅವರಿಗೆ ಹೇಳಹೋದವರಿಗೆ ‘ನೆಗೆಟಿವ್’ ಎಂಬ ಬಿರುದು ಸಿಗುತ್ತದೆ.

ಈಗ ಹಗ್ಗ ಹೊರಬರುತ್ತದೆ. ನನ್ನ ನಗು ನಿಲ್ಲುವುದೂ ಇಲ್ಲಿಯೇ. ಎಳೆಯಲು ಬಂದ ಗೆಳೆಯನ ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡು, ಅದೇ ಟೋ ಬಾಲ್, ಥಳಥಳ ಹೊಳೆಯುತ್ತಿದೆ. ಅವನಲ್ಲಿ ಟ್ರೇಲರ್ ಇಲ್ಲ, ಯಾವತ್ತೂ ಇರಲಿಲ್ಲ. ನೋಡಲು ಚಂದ ಎಂದು ಹಾಕಿಸಿದ್ದು. ಹಗ್ಗದ ಕುಣಿಕೆಯನ್ನು ಅದಕ್ಕೇ ತೊಡಿಸುತ್ತಾರೆ. 50 ಮಿಲಿಮೀಟರ್ ಅಡ್ಡಗಲದ ಆ ಗುಂಡು ಉರುಳುವ ಟ್ರೇಲರನ್ನು ಸಮನಾಗಿ ಎಳೆಯಲು ಮಾಡಿದ್ದೇ ಹೊರತು ಹೂತ ಗಾಡಿಯನ್ನು ಜಗ್ಗಿ ಕೀಳಲು ಅಲ್ಲ. ಜಗ್ಗಿದಾಗ ಬುಡ ಮುರಿಯಿತೋ, ಹಿಗ್ಗಿದ ಹಗ್ಗ ಅದನ್ನು ಹೂತ ಗಾಡಿಯ ಕಡೆಗೇ ಬೀಸಿ ಒಗೆಯುತ್ತದೆ. ಮುಂದಿನ ಗಾಜಿನ ಹಿಂದೆ ಯಾರು ಕೂತಿದ್ದಾರೆಂದು ಗುಂಡು ವಿಚಾರಿಸುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹೀಗೆ ಸತ್ತವರಿದ್ದಾರೆ. ಅಲ್ಲಿ ಎಳೆಯುವ ಪಟ್ಟಿಗಳ ಮೇಲೆ ಎಚ್ಚರಿಕೆಯ ಚೀಟಿ ಇರಲೇಬೇಕೆಂದು ಕಾನೂನೇ ಮಾಡಿದ್ದಾರೆ. ನಮ್ಮಲ್ಲಿ ಚೀಟಿ ಇದ್ದರೂ ಅದು ಬೆಲೆಯ ಚೀಟಿಯೆಂದು ತಿಳಿದು ಕಿತ್ತು ಎಸೆಯುತ್ತೇವೆ. ಕಟ್ಟಬೇಕಾದದ್ದು ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ ಗಟ್ಟಿ ಕೊಕ್ಕೆಗೆ. ಅದು ಬಂಪರಿನಡಿ ಅಡಗಿದೆ, ಕೆಸರಿಗೆ ಕೈ ಹಾಕಬೇಕು, ಉಗುರು ಕೊಳೆಯಾಗುತ್ತದೆ.

ಹಗ್ಗದಲ್ಲೂ ಜಾತಿಗಳಿವೆ. ಜಗ್ಗಿ ಎಳೆಯಲೆಂದೇ ಮಾಡಿದ ನೈಲಾನ್ ಹಗ್ಗ ನೂರಕ್ಕೆ ಮೂವತ್ತರಷ್ಟು ಹಿಗ್ಗಿ, ಮತ್ತೆ ಕುಗ್ಗುತ್ತಾ ಗಾಡಿಯನ್ನು ಮೆತ್ತಗೆ ಮೇಲೆತ್ತುತ್ತದೆ. ಸರಪಳಿಗೂ ಉಕ್ಕಿನ ತಂತಿಗೂ ಹಿಗ್ಗುವ ಸ್ವಭಾವವಿಲ್ಲ, ಅವನ್ನು ಜಗ್ಗಿದರೆ ಏನಾದರೊಂದು ಮುರಿಯಲೇಬೇಕು. ಇವೆಲ್ಲ ಗೊತ್ತಿಲ್ಲದ ವೀರನೊಬ್ಬ ಹಿಂದಕ್ಕೆ ಹೋಗಿ ‘ರನ್ನಿಂಗ್’ನಲ್ಲಿ ಬರುತ್ತಾನೆ. ವೇಗ ಎರಡು ಪಟ್ಟಾದರೆ ಜಗ್ಗುವ ಶಕ್ತಿ ನಾಲ್ಕು ಪಟ್ಟಾಗುತ್ತದೆಂಬುದನ್ನು ಅವನು ಹೈಸ್ಕೂಲಿನಲ್ಲಿ ಕಲಿತು ಅಂಕವನ್ನೂ ಗಿಟ್ಟಿಸಿದ್ದಾನೆ. ಹಗ್ಗ ಗಿಡ್ಡವಾಯಿತೆಂದು ಎರಡು ಪಟ್ಟಿಗಳ ನಡುವೆ ಕಬ್ಬಿಣದ ಕೊಂಡಿ, ಅದೇ ಶ್ಯಾಕಲ್, ಹಾಕುವವರೂ ಉಂಟು. ಪಟ್ಟಿ ಹರಿದರೆ ಆ ಶ್ಯಾಕಲ್ಲೇ ಗುಂಡು. ಜಾಣರು ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ, ಬಿಗಿದುಕೊಳ್ಳದಿರಲೆಂದು ನಡುವೆ ಸುರುಳಿ ಸುತ್ತಿದ ಪತ್ರಿಕೆಯೊಂದನ್ನು ಇಡುತ್ತಾರೆ. ನೀವು ಓದುತ್ತಿರುವ ಈ ಅಂಕಣದಿಂದ ಜಗತ್ತಿಗೆ ಆಗಬಹುದಾದ ನೇರ ಉಪಕಾರ ಅದೊಂದೇ ಇರಬೇಕು.

ವಿಂಚ್ ಇದೆಯಲ್ಲ, ಎನ್ನುತ್ತೀರಿ. ಇದೆ. ಅದರ ಮೇಲೆ 9,500 ಪೌಂಡ್ ಎಂದು ಬರೆದಿದೆ. ಆ ಬಲ ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಉಳಿದಾಗ ಸಿಗುವಂಥದ್ದು, ಪದರ ಏರಿದಷ್ಟೂ ಬಲ ಇಳಿಯುತ್ತದೆ. ಅದಿರಲಿ, ಕೊಕ್ಕೆಯನ್ನು ಎಲ್ಲಿಗೆ ಸಿಕ್ಕಿಸುವುದು? ಎದುರಿಗೇ ಸಿಲ್ವರ್ ಓಕ್ ಮರ. ಅದರ ಮೈತುಂಬ ತೋಟದವರು ವರ್ಷಗಟ್ಟಲೆ ಸಾಕಿದ ಕಾಳುಮೆಣಸಿನ ಬಳ್ಳಿ. ಅಗಲವಾದ ಪಟ್ಟಿ ಸುತ್ತದೆ ಉಕ್ಕಿನ ಹಗ್ಗವನ್ನೇ ಬಳಸಿ ಎಳೆದರೆ ಬಳ್ಳಿಯೂ ಹೋಯಿತು, ಮರದ ತೊಗಟೆಯೂ ಹೋಯಿತು. ಪ್ರಕೃತಿಯ ಮಡಿಲಿಗೆ ಬಂದವರು ಮಡಿಲಲ್ಲಿ ಒಂದು ಗುರುತನ್ನಾದರೂ ಬಿಟ್ಟು ಹೋಗಬೇಡವೇ.

ಇಷ್ಟು ಹೊತ್ತೂ ಬಿಗಿದ ಹಗ್ಗದ ಇಕ್ಕೆಲದಲ್ಲಿ ಹತ್ತು ಜನ ನಿಂತಿರುತ್ತಾರೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದಲ್ಲಿರಬೇಕಾದವರು ಹಗ್ಗವನ್ನು ದಾಟಿಕೊಂಡೇ ಓಡಾಡುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಂತ್ರ: ‘ಎಳಿ, ಎಳಿ, ಇನ್ನೂ ಎಳಿ!’ ಸನ್ನೆ ಮಾಡುವವನು ಒಬ್ಬನೇ ಇರಬೇಕೆಂಬುದು ನಿಯಮ, ನಮ್ಮದು ಪ್ರಜಾಪ್ರಭುತ್ವ. ತಪ್ಪು ಪೂರ್ತಿ ಇವರದೂ ಅಲ್ಲ ಬಿಡಿ. ಜಾಹೀರಾತಿನಲ್ಲಿ ಗಾಡಿ ಹೊಳೆ ಹಾರುತ್ತದೆ, ‘ಅನುಕರಿಸಬೇಡಿ’ ಎಂಬುದು ಇರುವೆಯ ಅಕ್ಷರದಲ್ಲಿ ಹಾದುಹೋಗುತ್ತದೆ. 2023ರ ಡಿಸೆಂಬರಿನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಟ್ರಾಫಿಕ್ ತಪ್ಪಿಸಿಕೊಳ್ಳಲು ಒಬ್ಬರು ಥಾರ್ ಗಾಡಿಯನ್ನು ಚಂದ್ರಾ ನದಿಯೊಳಗೇ ಓಡಿಸಿದರು. ದಂಡ 3,500 ರೂಪಾಯಿ. ಆ ವಿಡಿಯೋ ತಂದುಕೊಟ್ಟ ಕೀರ್ತಿಯ ಮುಂದೆ ಅದು ಜುಜುಬಿ.

ಕೊನೆಗೆ ತೋಟದ ಜೀಪು ಬರುತ್ತದೆ. ಬಣ್ಣ ಇಂಥದ್ದೆಂದು ಹೇಳಲಾಗದಷ್ಟು ಹಳೆಯದು; ಹಿಂದಿನ ಚಕ್ರಗಳಿಗೆ ಕಬ್ಬಿಣದ ಚೈನು. ಡ್ರೈವರ್ ಇಳಿದು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಗಾಡಿಯ ಸುತ್ತ ಒಂದು ಸುತ್ತು ಬರುತ್ತಾನೆ.

‘ಸಾರ್, ಎಕ್ಸಲೇಟರಿಂದ ಕಾಲು ತೆಗೀರಿ. ಅಮ್ಮಾವ್ರನ್ನ, ಮಕ್ಕಳನ್ನ ಇಳಿಸಿ ಆ ದಿಬ್ಬದ ಮೇಲೆ ಕಳಿಸಿ. ನೀವೂ ಹೋಗ್ರಣ್ಣ, ಫೋಟೋ ಅಲ್ಲಿಂದ್ಲೇ ಬರುತ್ತೆ.’

ಹಾರೆ, ಸಲಿಕೆ ತಂದು ಚಕ್ರದ ಮುಂದಿನ ಮಣ್ಣು ಸರಿಸುತ್ತಾನೆ. ಕಲ್ಲು, ಸೊಪ್ಪು ತುಂಬುತ್ತಾನೆ. ಬಂಪರಿನಡಿ ಕೈ ಹಾಕಿ ಕೊಕ್ಕೆ ಹುಡುಕುತ್ತಾನೆ. ಹಗ್ಗದ ನಡುವೆ ನೆನೆದ ಎರಡು ಗೋಣಿಚೀಲ ಹೇರುತ್ತಾನೆ. ಹರಿದರೂ ಹಾರದಿರಲಿ ಎಂದು. ಆಮೇಲೆ ಸಣ್ಣ ಗೇರಿನಲ್ಲಿ, ಜಗ್ಗದೆ, ಮೆಲ್ಲಗೆ. ಗಾಡಿ ‘ಪಚಕ್’ ಎಂದು ಮೇಲೆದ್ದು ಬರುತ್ತದೆ.

‘ಎಷ್ಟಾಯ್ತಣ್ಣ?’

‘ಎರಡು ಸಾವಿರ ಕೊಡಿ ಸಾರ್.’

‘ಅರ್ಧ ಗಂಟೆ ಕೆಲಸಕ್ಕೆ ಎರಡು ಸಾವಿರಾನಾ? ಐನೂರು ಮಾಡ್ಕೊ.’

‘ಪರ್ವಾಗಿಲ್ಲ ಸಾರ್, ಇದ್ದ ಜಾಗದಲ್ಲೇ ವಾಪಸ್ ಇಟ್ಟು ಹೋಗ್ತೀನಿ. ಅದಕ್ಕೆ ದುಡ್ಡು ಬೇಡ.’